ಒಬ್ಬನೇ ಗಂಡ ಇದ್ದರೂ ಲೈಂಗಿಕ ಸೋಂಕು ಹೇಗೆ ಬಂತು?

ಮುಳಬಾಗಿಲಿನ ಅಕ್ಕ:
ನನ್ನ ಓರಗಿತ್ತಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಆರು ತಿಂಗಳಿಂದ ಕಿಬ್ಬೊಟ್ಟೆ ನೋವು, ವಾಸನೆಯ ಬಿಳಿ ಸೆರಗು. ಉಷ್ಣವೆಂದು ಮೆಂತ್ಯದ ನೀರು ಕುಡಿದಳು. ಕೊನೆಗೆ ಖಾಸಗಿ ವೈದ್ಯರು ಲೈಂಗಿಕ ಸೋಂಕು ಎಂದರು. ಅತ್ತೆ ಕೇಳಿದ್ದು ಒಂದೇ ಮಾತು: "ಯಾರ ಸಹವಾಸ ಮಾಡಿದೆ?" ಗಂಡನನ್ನು ಬಿಟ್ಟು ಅವಳು ಯಾರನ್ನೂ ಮುಟ್ಟಿದವಳಲ್ಲ. ಅವನು ಟೊಮೇಟೊ ಲಾರಿ ಓಡಿಸುತ್ತಾನೆ, ಹಂಗಾಮಿನಲ್ಲಿ ಮನೆಗೆ ಬರುವುದೇ ಅಪರೂಪ.

ಮಾಲೂರಿನ ಚಾಲಕ:
ಲಾರಿಯವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಮ್ಮ. ಇಪ್ಪತ್ತೆರಡು ವರ್ಷ ಸ್ಟಿಯರಿಂಗ್ ಹಿಡಿದಿದ್ದೇನೆ. ಕೋಲಾರದ ಮಂಡಿಯಲ್ಲಿ ಕ್ರೇಟ್ ತುಂಬಿದ ಮೇಲೆ ನಮಗೆ ನಿದ್ದೆಗೂ ಬಿಡುವಿರುವುದಿಲ್ಲ. ಬಸ್ ನಿಲ್ದಾಣದ ಶೌಚಾಲಯದಿಂದ ಬಂದಿರಬಹುದು. ಒಬ್ಬರಿಗೊಬ್ಬರು ನಿಷ್ಠರಾಗಿದ್ದರೆ ಈ ರೋಗ ಬರುವುದೇ ಇಲ್ಲ.

ಕೋಲಾರದ ಶುಶ್ರೂಷಕಿ:
ಅಣ್ಣಾ, ಗೊನೋರಿಯಾ, ಕ್ಲಮೈಡಿಯಾದಂಥ ಲೈಂಗಿಕ ಸೋಂಕುಗಳು ಶೌಚಾಲಯದಿಂದ ಹರಡುವುದಿಲ್ಲ. "ಒಬ್ಬರಿಗೊಬ್ಬರು" ಎಂದಿರಿ. ಅದರಲ್ಲಿ ಒಬ್ಬರ ನಡತೆಯನ್ನು ಮಾತ್ರ ನಮ್ಮ ಊರು ಅಳೆಯುತ್ತದೆ. ಹೆಂಡತಿಗೆ ಒಬ್ಬನೇ ಗಂಡನಿದ್ದರೂ, ಅವನಿಗೆ ಇನ್ನೊಂದು ಕಡೆ ಸಂಬಂಧವಿದ್ದರೆ ಅಲ್ಲಿನ ಸೋಂಕು ಅವಳ ಮೈಗೂ ಬರಬಹುದು. ಒಂದು ಸಂಬಂಧ ಮುಗಿದು ಇನ್ನೊಂದು ಶುರುವಾದರೆ ಸೋಂಕು ಮುಂದಕ್ಕಷ್ಟೇ ಹೋಗುತ್ತದೆ. ಎರಡೂ ಒಟ್ಟಿಗೆ ನಡೆಯುತ್ತಿದ್ದರೆ ಅದು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡುತ್ತಲೇ ಇರುತ್ತದೆ. ಅದಕ್ಕೇ "ಅವಳಿಗೆ ಎಷ್ಟು ಜನ?" ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ.

ಇನ್ನೊಂದು ಮಾತು: ಕ್ಲಮೈಡಿಯಾ ತಗುಲಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಒಳಗೊಳಗೇ ಗರ್ಭನಾಳಕ್ಕೆ ಏರಿ ಅದನ್ನು ಕೆಡಿಸಬಹುದು. ಆಮೇಲೆ ಮಕ್ಕಳಾಗಲಿಲ್ಲವೆಂದು ಮತ್ತೆ ಅವಳನ್ನೇ ದೂರುತ್ತಾರೆ. ಇದನ್ನು ನೋಡಿ ನೋಡಿ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ಶ್ರೀನಿವಾಸಪುರದ ಓದುಗ:
ಹಾಗಾದರೆ ಗಂಡನದೇ ತಪ್ಪು ಎಂದಾಯಿತಲ್ಲ ಮೇಡಂ?

ಕೋಲಾರದ ಶುಶ್ರೂಷಕಿ:
ಅದನ್ನೂ ಹಾಗೆ ಹೇಳಲು ಬರುವುದಿಲ್ಲ. ಗಂಡಸರಲ್ಲೂ ಎಷ್ಟೋ ಬಾರಿ ಲಕ್ಷಣ ಕಾಣದೆ ಸೋಂಕು ತಿಂಗಳುಗಟ್ಟಲೆ ಇರುತ್ತದೆ. ಮದುವೆಗೆ ಮೊದಲಿನದೂ ಆಗಿರಬಹುದು. ಬಿಳಿ ಸೆರಗೆಲ್ಲ ಲೈಂಗಿಕ ಸೋಂಕೂ ಅಲ್ಲ. ಯಾವಾಗ ತಗುಲಿತು ಎಂದು ಪರೀಕ್ಷೆಯಿಂದ ತಿಳಿಯುವುದಿಲ್ಲ. ಯಾರ ತಪ್ಪು ಎಂಬ ಪಂಚಾಯಿತಿ ಬಿಟ್ಟು ಇಬ್ಬರೂ ಔಷಧಿ ತೆಗೆದುಕೊಳ್ಳಲಿ.

ಮುಳಬಾಗಿಲಿನ ಅಕ್ಕ:
ಮಾತ್ರೆ ಕೊಟ್ಟಿದ್ದು ಅವಳಿಗೆ ಮಾತ್ರ. ಒಂದು ತಿಂಗಳು ಹಾಯಾಗಿದ್ದಳು. ಅವನು ಬಂದು ಹೋದ ಮೇಲೆ ಮತ್ತೆ ಅದೇ ನೋವು. ಅವನಿಗೆ ಹೇಳೋಣವೆಂದರೆ ಹೊಡೆಯುತ್ತಾನೆಂಬ ಭಯ.

ಕೋಲಾರದ ಶುಶ್ರೂಷಕಿ:
ಅವನಿಗೂ ಚಿಕಿತ್ಸೆಯಾಗದೆ ಇದು ನಿಲ್ಲುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕಿಗೆ ಚಿಕಿತ್ಸೆ ಕೊಡುವ ಸುರಕ್ಷಾ ಕ್ಲಿನಿಕ್‌ಗೆ ಅವಳನ್ನು ಕರೆತನ್ನಿ. ಕಿಬ್ಬೊಟ್ಟೆ ನೋವಿಗೆ ಹಳದಿ ಕಿಟ್ ಎಂಬ ಔಷಧಿ ಪೊಟ್ಟಣವಿದೆ, ದುಡ್ಡು ಕೊಡಬೇಕಿಲ್ಲ. ಗಂಡನೊಂದಿಗೆ ಹೇಗೆ ಮಾತನಾಡಬೇಕೆಂದು ಆಪ್ತ ಸಮಾಲೋಚಕರು ಹೇಳಿಕೊಡುತ್ತಾರೆ. ಸಿಫಿಲಿಸ್, ಎಚ್‌ಐವಿ ಪರೀಕ್ಷೆಯೂ ಆಗಲಿ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಅವಳ ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ. ಮೊದಲು ಫೋನಿನಲ್ಲಿ ಕೇಳಬೇಕೆಂದರೆ ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಲಿ. ಇಬ್ಬರ ಔಷಧಿ ಮುಗಿದು ಒಂದು ವಾರ ಕಳೆಯುವವರೆಗೆ ಕೂಡಬಾರದು.

ಮಾಲೂರಿನ ಚಾಲಕ:
ಶೌಚಾಲಯದ ಮಾತು ಹಿಂದೆಗೆದುಕೊಂಡೆ. ಆ ಹೆಣ್ಣುಮಗಳು ಒಪ್ಪಿದರೆ ಅವನೊಂದಿಗೆ ನಾನು ಮಾತನಾಡುತ್ತೇನೆ. ಲಾರಿಯವನ ಮಾತನ್ನು ಲಾರಿಯವನು ಕೇಳುತ್ತಾನೆ.

ಮುಳಬಾಗಿಲಿನ ಅಕ್ಕ:
ಅವಳನ್ನು ಕೇಳಿ ತಿಳಿಸುತ್ತೇನೆ ಅಣ್ಣಾ. ಬುಧವಾರ ಅವನ ಲಾರಿ ಬರುತ್ತದೆ. ಅತ್ತೆಗೆ ಹೇಳುವ ಕೆಲಸ ನನ್ನದು.