ಗ್ರಿಡ್ ಮೇಲೆಲ್ಲ ಐಸ್ ಹರಳು: ತಪ್ಪು ಈಥೇನ್‌ನದ್ದಾ?

ಪ್ರಶ್ನೆ – ಗಂಗೋತ್ರಿ ಹುಡುಗಿ

ಪ್ರೋಟೀನ್ ಸ್ಯಾಂಪಲನ್ನು ಗ್ರಿಡ್ (ಸಣ್ಣ ತೂತುಗಳ ಪುಟ್ಟ ಜಾಲರಿ) ಮೇಲೆ ಹಾಕಿ, ತಣ್ಣಗಿನ ದ್ರವ ಈಥೇನ್‌ಗೆ ಅದ್ದಿ ಮೈಸೂರಲ್ಲೇ ಫ್ರೀಜ್ ಮಾಡಿ, ಕ್ರಯೋ-ಇಎಂಗೆ (ಫ್ರೀಜ್ ಮಾಡಿದ ಸ್ಯಾಂಪಲ್ ನೋಡುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಬೆಂಗಳೂರಿಗೆ ಒಯ್ಯುತ್ತೇವೆ. ಹೋದ ವಾರ ಬೆಳಿಗ್ಗೆ ಐದಕ್ಕೇ ಕಾರಲ್ಲಿ ಹೊರಟೆ. ಗ್ರಿಡ್‌ಗಳನ್ನು ತಣ್ಣಗೇ ಒಯ್ಯುವ ಪಾತ್ರೆ ಡ್ರೈ ಶಿಪ್ಪರ್‌ಗೆ ಸೀಟ್ ಬೆಲ್ಟ್ ಹಾಕಿದ್ದೆ. ಮದ್ದೂರಲ್ಲಿ ವಡೆಗೂ ಇಳಿಯಲಿಲ್ಲ. ಅಲ್ಲಿ ನೋಡಿದರೆ 12 ಗ್ರಿಡ್‌ಗಳಲ್ಲಿ 9ರ ಮೇಲೆ ಕಪ್ಪು ಕಪ್ಪು ಹರಳು. ಪ್ರೋಟೀನ್ ಇರಲಿ, ಎಷ್ಟೋ ಕಡೆ ತೂತುಗಳೇ ಕಾಣಲಿಲ್ಲ. ಫ್ರೀಜ್ ಮಾಡದೆ ಲೋಹದ ಲವಣ ಬಳಿದು ನೋಡುವ ನೆಗೆಟಿವ್ ಸ್ಟೇನ್‌ನಲ್ಲಿ ಇದೇ ಪ್ರೋಟೀನ್ ಎಷ್ಟು ಚೆನ್ನಾಗಿತ್ತು ಗೊತ್ತಾ! ಗೈಡ್ ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ಬೇಜಾರು. ಈಥೇನ್ ಸರಿಯಾಗಿ ತಣ್ಣಗಾಗಿರಲಿಲ್ವಾ?

ಉತ್ತರ – ಹಳೇ ಆಪರೇಟರ್

ಈಥೇನ್ ಮೇಲೆ ತಪ್ಪು ಹೊರಿಸಬೇಡಮ್ಮ. ತಣ್ಣಗಾಗುವುದು ನಿಧಾನವಾಗಿದ್ದರೆ ತೂತಿನೊಳಗಿನ ನೀರೇ ಹರಳುಗಟ್ಟಿರುತ್ತಿತ್ತು. ಅದಕ್ಕೇ ಅಲ್ವಾ ನೇರ ದ್ರವ ನೈಟ್ರೋಜನ್‌ಗೆ ಅದ್ದದೆ ಈಥೇನ್‌ಗೆ ಅದ್ದುವುದು? ನೈಟ್ರೋಜನ್ ಗ್ರಿಡ್ ಮುಟ್ಟಿದ ತಕ್ಷಣ ಕುದ್ದು, ಸುತ್ತ ಆವಿಯ ಪದರ ಕಟ್ಟಿಕೊಳ್ಳುತ್ತದೆ. ಕಾದ ಕಾವಲಿ ಮೇಲೆ ನೀರಿನ ಹನಿ ಓಡಾಡುತ್ತಲ್ಲ, ಹಾಗೆ. ಈಥೇನ್‌ನಲ್ಲಿ ನೀರಿಗೆ ಹರಳಾಗಲು ಪುರುಸೊತ್ತೇ ಸಿಗದೆ ಗಾಜಿನ ಹಾಗೆ ನಿಲ್ಲುತ್ತದೆ. 2017ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ವಿಜ್ಞಾನಿ ಜಾಕ್ ಡುಬೊಶೆಗೆ ಪಾಲು ಸಿಕ್ಕಿದ್ದು ಇದಕ್ಕೇ.

ನೀನು ಹೇಳುತ್ತಿರುವುದು ಮೇಲೆ ಬಂದು ಕೂತ ಹರಳು. ಅದು ಫ್ರೀಜ್ ಆದ ಮೇಲೆ ಗಾಳಿಯ ತೇವದಿಂದ ಬಂದಿದ್ದು. ಫ್ರೀಜ್ ಆದ ಗ್ರಿಡ್ ಇಡಲು ಆವತ್ತು ಹಾಕಿದ ನೈಟ್ರೋಜನ್ ಯಾವತ್ತಿನದು?

ಗಂಗೋತ್ರಿ ಹುಡುಗಿ

ಹಿಂದಿನ ದಿನದ್ದು ಸರ್. ಸುಮ್ನೆ ಯಾಕೆ ದಂಡ ಅಂತ ಅದನ್ನೇ ಬಳಸಿದೆ. ಹೊರಗೆ ಮಳೆ ಬೇರೆ.

ಉತ್ತರ – ಮಂಡ್ಯದವನು

ಹಾಗಾದ್ರೆ ಕಳ್ಳ ಸಿಕ್ಕಿದ. ಇಟ್ಟ ನೈಟ್ರೋಜನ್‌ಗೆ ಗಾಳಿಯ ತೇವ ಐಸ್ ಆಗಿ ಸೇರಿಕೊಳ್ಳುತ್ತೆ. ನಾನೂ ಹೀಗೇ ಎರಡು ತಿಂಗಳು ಕಾದು ಸಿಕ್ಕ ಮೈಕ್ರೋಸ್ಕೋಪ್ ಸ್ಲಾಟ್ ಕಳೆದುಕೊಂಡಿದ್ದೆ. ಪ್ರತಿ ಸಲ ಹೊಸ ನೈಟ್ರೋಜನ್ ತಗೊಳ್ಳಿ, ಮುಚ್ಚಳ ತೆಗೆದಿಡಬೇಡಿ. ಚಿಮುಟವನ್ನು ಒಂದು ಸಲ ಹೊರಗೆ ತೆಗೆದ ಮೇಲೆ ಹೇರ್ ಡ್ರೈಯರ್‌ನಲ್ಲಿ ಪೂರ್ತಿ ಒಣಗಿಸದೆ ಮತ್ತೆ ಅದ್ದಬೇಡಿ. ಮಾಸ್ಕ್ ಹಾಕಿ; ಬಗ್ಗಿ ನೋಡುವಾಗ ನಮ್ಮ ಉಸಿರೇ ಹಿಮ ಆಗಿ ಬೀಳುತ್ತೆ. ರೂಮಲ್ಲಿ ಡೀಹ್ಯುಮಿಡಿಫೈಯರ್ ಇದ್ದರೆ ಬೆಳಿಗ್ಗೆಯೇ ಹಾಕಿಬಿಡಿ.

ಹಳೇ ಆಪರೇಟರ್

ಒಂದು ಪರೀಕ್ಷೆ ಮಾಡು. ಉಳಿದ ನೈಟ್ರೋಜನ್ ತಳದಲ್ಲಿ ಟಾರ್ಚ್ ಬಿಟ್ಟು ನೋಡು. ಐಸ್ ನೀರಲ್ಲಿ ತೇಲುತ್ತೆ, ನೈಟ್ರೋಜನ್‌ನಲ್ಲಿ ಮುಳುಗುತ್ತೆ.

ಗಂಗೋತ್ರಿ ಹುಡುಗಿ

ಈಗಷ್ಟೇ ನೋಡಿದೆ ಸರ್. ತಳದಲ್ಲಿ ಚಿರೋಟಿ ರವೆ ಚೆಲ್ಲಿದ ಹಾಗಿದೆ.