ಲೊಂಗೋವಾಲರ ದಾರಿ ಸೋತದ್ದು ಯಾರಿಂದ?

ತುಮಕೂರು ಮೇಷ್ಟ್ರು:
ಗೋಖಲೆ, ತಿಲಕರ ಪಾಠ ಮಾಡುವಾಗ ಮಂದಗಾಮಿಗಳು, ತೀವ್ರಗಾಮಿಗಳು ಅಂತ ಬೋರ್ಡಿನ ಮೇಲೆ ಎರಡು ಕಾಲಮ್ ಎಳೆಯುತ್ತೇನೆ. ಈ ಸಲ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಪಂಜಾಬಿನಲ್ಲೂ ಹೀಗೇನಾ?" ಅಂತ ಕೇಳಿದಳು. ನನಗೆ ತಕ್ಷಣ ನೆನಪಾದದ್ದು ಸಂತ ಹರ್‌ಚಂದ್ ಸಿಂಗ್ ಲೊಂಗೋವಾಲ್.

1985ರ ಜುಲೈ 24ರಂದು ಅವರು ಸಿಖ್ಖರ ಪಕ್ಷವಾದ ಅಕಾಲಿ ದಳದ ಅಧ್ಯಕ್ಷರಾಗಿ ರಾಜೀವ್ ಗಾಂಧಿಯವರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಸ್ವರ್ಣಮಂದಿರಕ್ಕೆ ಸೇನೆ ನುಗ್ಗಿ ಒಂದು ವರ್ಷವೂ ಚಿಲ್ಲರೆ ದಿನವೂ ಆಗಿತ್ತು, ದೆಹಲಿಯಲ್ಲಿ ಸಿಖ್ಖರ ಮಾರಣಹೋಮ ನಡೆದು ಒಂಬತ್ತು ತಿಂಗಳೂ ಆಗಿರಲಿಲ್ಲ. ಆ ಹೊತ್ತಿನಲ್ಲಿ ದೆಹಲಿಯ ಕೈ ಕುಲುಕುವುದಕ್ಕೆ ಎಂಥ ಗುಂಡಿಗೆ ಬೇಕು! 27 ದಿನಕ್ಕೆ, ಆಗಸ್ಟ್ 20ರಂದು, ಸಂಗ್ರೂರಿನ ಹತ್ತಿರದ ಶೇರ್‌ಪುರದ ಗುರುದ್ವಾರದಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಕೊಂದವರು ಸಿಖ್ಖರೇ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸಿಖ್ ರಾಜಕಾರಣದಲ್ಲಿ ಸಮಾಧಾನದ ಮಾತಾಡಿದವರನ್ನು ಸ್ವಂತ ಜನ ದ್ರೋಹಿ ಅಂದರು, ದೆಹಲಿ ಬಳಸಿ ಕೈಬಿಟ್ಟಿತು. ಆದರೂ ಪಂಜಾಬಿಗೆ ಬೇಕಿದ್ದದ್ದು, ಈಗಲೂ ಬೇಕಿರುವುದು ಅವರೇ. ನೀವೇನಂತೀರಿ?

ಬೀದರ ಹುಡುಗ:
ಮೇಷ್ಟ್ರೇ, ನೀವು ಹೇಳೋದು ಅರ್ಧ ಖರೆ ಅದ. ನಾ ನಾನಕ ಝೀರಾ ಗುರುದ್ವಾರದ ಮಗ್ಗಲ್ದಾಗ ಬೆಳದಾಂವ. ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದಾಗ ಮೊದಲ ದೀಕ್ಷಾ ತಗೊಂಡ ಐದು ಮಂದಿ, ಅಂದ್ರ ಪಂಚ ಪ್ಯಾರೆಗಳೊಳಗ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರದವರು ಅಂತ ಅಲ್ಲಿ ಇವತ್ತಿಗೂ ಅಭಿಮಾನದಿಂದ ಹೇಳ್ತಾರ. ಸಣ್ಣಾಂವ ಇದ್ದಾಗಿಂದ ಆ ಜನರ ಮಾತು ಕೇಳೀನಿ. ಅವರು ಬಿಸಿ ಆಗದಿದ್ರ ಏನು ಸಿಗ್ತಿತ್ತು ಅಂತ ನಾನೂ ಕೇಳ್ತೀನಿ.

ನಮ್ಮ ನಾಡು ಒಂದಾಗಿದ್ದು 1956ರ ನವೆಂಬರ್ 1ಕ್ಕ. ಪಂಜಾಬಿ ಸೂಬಾ, ಅಂದ್ರ ಪಂಜಾಬಿ ಭಾಷಾದ ರಾಜ್ಯ, ಆಗಿದ್ದು ಬರೋಬ್ಬರಿ ಹತ್ತು ವರ್ಷ ಬಿಟ್ಟು, 1966ರ ನವೆಂಬರ್ 1ಕ್ಕ. ಯಾಕ? ರಾಜ್ಯ ಪುನರ್ವಿಂಗಡಣಾ ಆಯೋಗ ಕನ್ನಡಕ್ಕ ಹ್ಞೂಂ ಅಂತು, ಪಂಜಾಬಿಗೆ ಊಹ್ಞೂಂ ಅಂತು. ಭಾಷೆ ಹೆಸರಿನ್ಯಾಗ ಧರ್ಮದ ರಾಜ್ಯ ಕೇಳ್ತಾರ ಅಂತ ಅನುಮಾನ. ಆಮ್ಯಾಲೆ ಸಾವಿರ ಸಾವಿರ ಮಂದಿ ಜೇಲಿಗೆ ಹೋಗಿ ಕುಂತರು. ಅರ್ಜಿ ಬರಕೊಂಡು ಕುಂತಿದ್ರ ಸೂಬಾ ಬರ್ತಿತ್ತೇನ್ರಿ? ಅದಕ್ಕೂ ಮೊದಲ, 1925ರ ಗುರುದ್ವಾರ ಕಾಯ್ದೆ? ಗುರುದ್ವಾರ ಹಿಡಕೊಂಡು ಕುಂತಿದ್ದ ಪೂಜಾರಿ ಮಹಂತರ ಕೈಯಿಂದ ಅವನ್ನ ಬಿಡಿಸಿಕೊಳ್ಳಾಕ ನನ್‌ಕಾನಾದಾಗ ಜೀವಾ ಕೊಟ್ಟರು.

ಶರಾವತಿ:
ಬೀದರದ ತಮ್ಮ, ಸೂಬಾ ಬಂದ ಕತೆಯನ್ನೇ ಪೂರ್ತಿ ಹೇಳಿದರೆ ನಿನ್ನ ವಾದ ತಿರುಗಿ ನಿಲ್ಲುತ್ತದೆ.

ಬಿಸಿಯ ನಾಯಕ ಅಂದರೆ ಮಾಸ್ಟರ್ ತಾರಾಸಿಂಗ್. 1947ರ ಮಾರ್ಚಿನಲ್ಲಿ ಲಾಹೋರಿನ ಅಸೆಂಬ್ಲಿ ಮೆಟ್ಟಿಲ ಮೇಲೆ ಕಿರ್ಪಾಣ್, ಅಂದರೆ ಸಿಖ್ಖರ ಕತ್ತಿ, ಹಿರಿದು ನಿಂತವರು. ಅವರ ಬಾಯಲ್ಲಿ ಸೂಬಾ ಅಂದರೆ ಪಂಥದ, ಅಂದರೆ ಸಿಖ್ ಸಮುದಾಯದ, ಮಾತಾಗಿತ್ತು, ಸಿಖ್ಖರ ಗೌರವದ ಮಾತಾಗಿತ್ತು. ಅದನ್ನೇ ಹಿಡಿದುಕೊಂಡು ನೆಹರೂ ಆಗಲ್ಲ ಅನ್ನುತ್ತಿದ್ದರು. 1961ರ ಆಗಸ್ಟ್ 15ಕ್ಕೆ ತಾರಾಸಿಂಗ್ ಆಮರಣ ಉಪವಾಸಕ್ಕೆ ಕೂತರು. ಅರ್ದಾಸ್ ಮಾಡಿ, ಅಂದರೆ ದೇವರೆದುರು ಮಾತು ಕೊಟ್ಟು ಕೂತದ್ದು. 48ನೇ ದಿನ ಸೂಬಾ ಸಿಗದೆಯೇ ಎದ್ದರು. ಜನಕ್ಕೆ ಅದು ತಡೆಯಲಿಲ್ಲ. ಪಂಚ ಪ್ಯಾರೆಗಳಾಗಿ ಆರಿಸಿದ ಐವರು ವಿಚಾರಣೆ ಮಾಡಿ ತಪ್ಪಿತಸ್ಥ ಅಂದರು. ಐದು ದಿನ ಭಕ್ತರ ಚಪ್ಪಲಿ ಒರೆಸಬೇಕು, ಲಂಗರಿನ (ಗುರುದ್ವಾರದ ಅನ್ನದಾಸೋಹದ) ಪಾತ್ರೆ ತೊಳೆಯಬೇಕು ಅಂತ ಶಿಕ್ಷೆ. ಎಪ್ಪತ್ತೈದು ದಾಟಿದ ಮುದುಕರು ಕೂತು ಅದನ್ನು ಮಾಡಿದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಕಿರ್ಪಾಣ್ ಹಿರಿದದ್ದಕ್ಕಲ್ಲ, ಈ ಐದು ದಿನಕ್ಕೆ.

ಆಮೇಲೆ ಬಂದವರು ಸಂತ ಫತೇಸಿಂಗ್. ಅವರ ಮಾತು ಒಂದೇ: ನಮಗೆ ಸಿಖ್ಖರ ಸಂಖ್ಯೆಯ ಲೆಕ್ಕ ಬೇಡ, ಪಂಜಾಬಿ ಭಾಷೆಯ ರಾಜ್ಯ ಕೊಡಿ, ಉಳಿದವರಿಗೆ ಕೊಟ್ಟ ಹಾಗೆ. 1965ರ ಶುರುವಿನಲ್ಲಿ ಗುರುದ್ವಾರ ಪ್ರಬಂಧಕ ಸಮಿತಿಯ ಚುನಾವಣೆ ಗೆದ್ದರು. ಅದೇ ಸೆಪ್ಟೆಂಬರಿನಲ್ಲಿ ಉಪವಾಸ ಕೂರುವವರಿದ್ದರು, ಪಾಕಿಸ್ತಾನದ ಯುದ್ಧ ಬಂತು ಅಂತ ಮುಂದೂಡಿದರು. ಯುದ್ಧ ಮುಗಿದ ಮರುವರ್ಷ ಸೂಬಾ ಬಂತು. ಅದನ್ನು ತಂದದ್ದು ಕೂಗಲ್ಲ, ಬೇಡಿಕೆಯನ್ನು ಬೇರೆ ಮಾತಿನಲ್ಲಿ ಇಟ್ಟದ್ದು.

ಬೀದರ ಹುಡುಗ:
ಅಕ್ಕಾ, ಛಂದ ಹೇಳಿದ್ರಿ. ಆದ್ರ ಫತೇಸಿಂಗರ ಮುಂದಿನ ಕತಿ ಬಿಟ್ಟಬಿಟ್ರಿ ನೋಡ್ರಿ! ಸೂಬಾ ಬಂತು, ಚಂಡೀಗಢ ಬರಲಿಲ್ಲ. 1966ರ ಡಿಸೆಂಬರಿನ್ಯಾಗ ಅದಕ್ಕಂತ ಉಪವಾಸ ಕುಂತು, ಬೆಂಕಿಗೆ ಬಿದ್ದು ಸಾಯ್ತೀನಿ ಅಂತ ಪ್ರತಿಜ್ಞಾ ಮಾಡಿದ್ರು. ಸ್ವರ್ಣಮಂದಿರದ ಆವರಣದಾಗ ಇರೋ ಸಿಖ್ಖರ ದೊಡ್ಡ ಪೀಠ ಅಕಾಲ್ ತಖ್ತದ ಮ್ಯಾಲೆ ಅಗ್ನಿಕುಂಡ ಕಟ್ಟಿಸಿದ್ರು. ಕಡೀ ಗಳಿಗ್ಯಾಗ ಲೋಕಸಭಾ ಸ್ಪೀಕರ್ ಹುಕಂಸಿಂಗ್ ಬಂದು ಏನೋ ಭರವಸೆ ಹೇಳಿದ್ರು, ಇವರು ಕೆಳಗ ಇಳದ್ರು. ಕುಂಡ ಖಾಲಿ ಉಳೀತು.

ಆ ಖಾಲಿ ಕುಂಡ ನೋಡಿ ಮನಸ್ಸಿಗೆ ಹಚ್ಚಿಕೊಂಡಾಂವ ದರ್ಶನ್ ಸಿಂಗ್ ಫೆರೂಮಾನ್. ಹಳೀ ಅಕಾಲಿ, ರಾಜ್ಯಸಭಾದಾಗ ಕುಂತು ಬಂದ ಮನುಷ್ಯ. ನಾಯಕರು ಮುರಿದ ಅರ್ದಾಸ್ ನಾ ಪೂರಾ ಮಾಡ್ತೀನಿ ಅಂತ 1969ರ ಆಗಸ್ಟ್ 15ಕ್ಕ ಅನ್ನ ಬಿಟ್ಟರು. 74ನೇ ದಿನ ಜೀವ ಹೋತು. ಅವರು ಯಾರ ಮ್ಯಾಲೂ ಕೈ ಎತ್ತಲಿಲ್ಲ, ಆದ್ರ ಅವರಿಗಿಂತ ಬಿಸಿ ಯಾರು? ಅದಕ್ಕ ಹೇಳ್ತೀನಿ, ಆ ಜನ ನೋಡೋದು ಮೆತ್ತಗ ಮಾತಾಡ್ತಾನೋ ಜೋರು ಮಾಡ್ತಾನೋ ಅಂತ ಅಲ್ಲ. ಅರ್ದಾಸ್ ಮಾಡಿದ ಮ್ಯಾಲೆ ನಿಂತನೋ ಇಲ್ಲೋ, ಅಷ್ಟ.

ಮಾಜಿ ಹವಾಲ್ದಾರ್, ಮಂಡ್ಯ:
ನಾನು ಸರ್ವೀಸಿನಲ್ಲಿ ನಾಲ್ಕು ವರ್ಷ ಪಂಜಾಬಿನಲ್ಲಿದ್ದೆ. ರಜಾ ಸಿಕ್ಕಾಗೆಲ್ಲ ಅಮೃತಸರಕ್ಕೆ ಹೋಗ್ತಿದ್ದೆ. ದರ್ಬಾರ್ ಸಾಹಿಬ್, ಅಂದ್ರೆ ಸ್ವರ್ಣಮಂದಿರದ ಬಾಗಿಲಲ್ಲಿ ಜೋಡಾ ಘರ್ ಅಂತ ಇದೆ, ಚಪ್ಪಲಿ ಬಿಡೋ ಜಾಗ. ಅಲ್ಲಿ ಚಪ್ಪಲಿ ಈಸ್ಕೊಳ್ಳೋನು ಕೂಲಿಯವನಲ್ಲ. ಒಂದು ಸಲ ನನ್ನ ಕೆಸರು ಬೂಟನ್ನ ಎರಡೂ ಕೈಯಲ್ಲಿ ತಗೊಂಡು, ತನ್ನ ಹೆಗಲ ಬಟ್ಟೇಲಿ ಒರೆಸಿ ಟೋಕನ್ ಕೊಟ್ಟರು ಒಬ್ಬರು. ಆಮೇಲೆ ಗೊತ್ತಾಯ್ತು, ಊರಿನ ದೊಡ್ಡ ವ್ಯಾಪಾರಸ್ಥ ಅಂತ. ತಾರಾಸಿಂಗರ ಶಿಕ್ಷೆ ಅಂದ್ರಲ್ಲಮ್ಮ, ಅದು ಅವಮಾನ ಅಲ್ಲ, ಅಲ್ಲಿ ಅದು ಮತ್ತೆ ಒಳಕ್ಕೆ ಕರ್ಕೊಳ್ಳೋ ದಾರಿ.

ಮೇಷ್ಟ್ರೇ, ನಿಮ್ಮ ಎರಡು ಕಾಲಮ್ಮಿಗೆ ಅಮೃತಸರದ ಹತ್ರದ ಗುರು ಕಾ ಬಾಗ್ ಗುರುದ್ವಾರದ ಸತ್ಯಾಗ್ರಹ ಹಾಕಿ ನೋಡಣ. 1922ರ ಆಗಸ್ಟಲ್ಲಿ ಲಂಗರ್ ಒಲೆಗೆ ಜಾಲಿ ಮರ ಕಡಿದ್ರು ಅಂತ ಐದು ಜನಕ್ಕೆ ಜೈಲು ಹಾಕಿದ್ರು. ಆಮೇಲೆ ದಿನಾ ಒಂದು ಜಥಾ (ತಂಡ), ಅಕಾಲ್ ತಖ್ತದಲ್ಲಿ ಕೈ ಎತ್ತಲ್ಲ ಅಂತ ಆಣೆ ಮಾಡಿ ಹೊರಡೋದು. ಪೊಲೀಸರು ಲಾಠೀಲಿ ಬೀಳಿಸೋರು, ಎದ್ದು ಕೈ ಮುಗಿದು ಮತ್ತೆ ಅದೇ ಕಡೆ ನಡೆಯೋರು. ಒಂದು ಜಥಾ ಪೂರ್ತಿ ಪಿಂಚಣಿ ಸೈನಿಕರದ್ದೇ. ಬ್ರಿಟಿಷರಿಗಾಗಿ ಯುದ್ಧ ಮಾಡಿ ಬಂದೋರು, ಹೊಡೆಯೋದು ಗೊತ್ತಿದ್ದೋರು. ಕೈ ಕಟ್ಕೊಂಡು ಏಟು ತಿಂದ್ರು. ಸೈನಿಕನಾಗಿ ಹೇಳ್ತೀನಿ, ಅದಕ್ಕಿಂತ ಕಷ್ಟದ ಕೆಲಸ ಇಲ್ಲ.

ಇನ್ನು ಲೊಂಗೋವಾಲ್. ಸತ್ತೋರ ಮೇಲೆ ಭಕ್ತಿ ಇದೆ, ಆದ್ರೆ ಒಂದು ಮಾತು ಹೇಳ್ಲೇಬೇಕು. 1982ರ ಆಗಸ್ಟಲ್ಲಿ ಧರ್ಮಯುದ್ಧ ಮೋರ್ಚಾ ಅನ್ನೋ ಚಳವಳಿ ಶುರು ಮಾಡಿ ಉಗ್ರರ ನಾಯಕ ಭಿಂದ್ರಾನ್‌ವಾಲೆಯ ಬಿಸೀನ ತಮ್ಮ ಮೋರ್ಚಾಕ್ಕೆ ಸೇರಿಸ್ಕೊಂಡೋರು ಅವರೇ. 1983ರ ಅಕ್ಟೋಬರಲ್ಲಿ ಢಿಲ್ವಾನ್ ಹತ್ರ ಬಸ್ಸಿಂದ ಇಳಿಸಿ ಆರು ಜನ ಹಿಂದೂಗಳನ್ನ ಕೊಂದ್ರು. ಲೊಂಗೋವಾಲ್ ಹಿಂಸೆ ತಪ್ಪು ಅಂತ ಹೇಳ್ತಾನೇ ಇದ್ರು, ಮೋರ್ಚಾ ಮಾತ್ರ ನಿಲ್ಲಿಸ್ಲಿಲ್ಲ. ಎರಡು ತಿಂಗಳಿಗೆ ಭಿಂದ್ರಾನ್‌ವಾಲೆ ಅಕಾಲ್ ತಖ್ತದ ಒಳಕ್ಕೇ ಹೋಗಿ ಕೂತ. ಅವತ್ತು ಲೊಂಗೋವಾಲ್ ಬಾಗಿಲಿಗೆ ಅಡ್ಡ ನಿಲ್ಲಬೇಕಿತ್ತು. 1985ರಲ್ಲಿ ತೋರಿಸಿದ ಧೈರ್ಯ ಎರಡು ವರ್ಷ ಮೊದಲೇ ಬೇಕಿತ್ತು.

ತುಮಕೂರು ಮೇಷ್ಟ್ರು:
ಹವಾಲ್ದಾರರೇ, ಬಂದೂಕು ಹಿಡಿದವರ ನಡುವೆ ಬರಿಗೈಯವನು ಬಾಗಿಲಿಗೆ ಅಡ್ಡ ನಿಲ್ಲಬೇಕಿತ್ತು ಅಂತ ಇಲ್ಲಿ ಕೂತು ಹೇಳುವುದು ಸುಲಭ. ನಾನು ಅವರನ್ನು ಅಷ್ಟು ಬೇಗ ತೂಗಲಾರೆ. ಅವರು ಪ್ರಾಣ ಕೊಟ್ಟು ತಂದ ಒಪ್ಪಂದಕ್ಕೆ ದೆಹಲಿ ಏನು ಮಾಡಿತು ನೋಡೋಣ.

1985ರ ಸೆಪ್ಟೆಂಬರ್ ಚುನಾವಣೆಯಲ್ಲಿ ಜನ ಹುತಾತ್ಮರ ಮಾತು ಉಳಿಸಿದರು. 117ರಲ್ಲಿ 73 ಸೀಟು ಅಕಾಲಿಗಳಿಗೆ. ಸುರ್ಜಿತ್ ಸಿಂಗ್ ಬರ್ನಾಲಾ ಮುಖ್ಯಮಂತ್ರಿ. 1986ರ ಜನವರಿ 26ಕ್ಕೆ ಚಂಡೀಗಢ ಪಂಜಾಬಿಗೆ ಅಂತ ಒಪ್ಪಂದದಲ್ಲೇ ಬರೆದಿತ್ತು. ಬದಲಿಗೆ ಹಿಂದಿ ಮಾತಾಡುವ ಹಳ್ಳಿಗಳು ಹರಿಯಾಣಕ್ಕೆ. ಆ ಹಳ್ಳಿಗಳನ್ನು ಗುರುತಿಸಲು ಮ್ಯಾಥ್ಯೂ ಆಯೋಗ ಬಂತು. ಹಳ್ಳಿಗಳು ಹರಿಯಾಣಕ್ಕೆ ತಾಗಿಕೊಂಡಿರಬೇಕು ಅನ್ನುವುದು ಷರತ್ತು. ನಡುವೆ ಕಂದೂಖೇಡಾ ಅಂತ ಒಂದು ಪುಟ್ಟ ಹಳ್ಳಿ. ಆ ಊರು ಹಿಂದಿ ಅಂದರೆ ಅಬೋಹರ್, ಫಾಜಿಲ್ಕಾ ಕಡೆಯ ಹಳ್ಳಿಗಳು ಹರಿಯಾಣಕ್ಕೆ, ಪಂಜಾಬಿ ಅಂದರೆ ದಾರಿಯೇ ಕಡಿಯುತ್ತದೆ. ಚಳಿಗಾಲದಲ್ಲಿ ಗಣತಿಯವರು ಮನೆಮನೆಗೆ ಹೋಗಿ ನಿಮ್ಮ ಮಾತು ಯಾವುದು ಅಂತ ಕೇಳಿದರು. ಎರಡೂ ರಾಜ್ಯದ ಪುಢಾರಿಗಳು ಅಲ್ಲೇ ಠಿಕಾಣಿ. ಊರು ಪಂಜಾಬಿ ಅಂತು. ಬೆಳಗಾವಿ, ಕಾಸರಗೋಡು ಅಂತ ಮಹಾಜನ್ ವರದಿ ಓದಿಕೊಂಡು ಬೆಳೆದ ನಮಗೆ ಆ ಊರಿನ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಜನವರಿ 26 ಬಂತು, ಹೋಯಿತು. ಚಂಡೀಗಢ ಇವತ್ತಿಗೂ ಕೇಂದ್ರಾಡಳಿತ ಪ್ರದೇಶ. ಕೈಯಲ್ಲಿ ತೋರಿಸಲು ಏನೂ ಇಲ್ಲದ ಬರ್ನಾಲಾ ಅದೇ ಏಪ್ರಿಲ್ ಕೊನೆಗೆ ಉಗ್ರರನ್ನು ಹೊರಹಾಕಲು ಸ್ವರ್ಣಮಂದಿರಕ್ಕೆ ಪೊಲೀಸರನ್ನು ಕಳಿಸಿದರು. ಪಕ್ಷ ಒಡೆಯಿತು. ಮರುವರ್ಷ ಕೇಂದ್ರವೇ ಅವರ ಸರ್ಕಾರ ವಜಾ ಮಾಡಿತು. 1988ರಲ್ಲಿ ಮಾಜಿ ಮುಖ್ಯಮಂತ್ರಿ ಅಕಾಲ್ ತಖ್ತದ ಶಿಕ್ಷೆಯಂತೆ ಕೊರಳಿಗೆ ಫಲಕ ಹಾಕಿಕೊಂಡು, ಕಂಬಕ್ಕೆ ಹಗ್ಗದಲ್ಲಿ ಕಟ್ಟಿಸಿಕೊಂಡು ನಿಂತು ತಪ್ಪೊಪ್ಪಿದರು. ದೆಹಲಿ ತನ್ನ ತಪ್ಪಿಗೆ ಯಾವ ಕಂಬದ ಹತ್ತಿರವೂ ನಿಲ್ಲಲಿಲ್ಲ.

ಬ್ರಾಂಪ್ಟನ್ ಕನ್ನಡಿಗ:
ನಮಸ್ಕಾರ. ಕೆನಡಾದ ಈ ಊರಲ್ಲಿ ನನ್ನ ಸುತ್ತ ಪಂಜಾಬಿ ಮನೆಗಳೇ ಹೆಚ್ಚು. ಬರ್ನಾಲಾ ನಂತರ ಆದದ್ದೇ ಈಗಲೂ ಆಗುತ್ತಿದೆ ಅನ್ನುವುದು ನನ್ನ ಮಾತು. 1989ರ ಲೋಕಸಭೆಗೆ ಖಾಲಿಸ್ತಾನದ, ಅಂದರೆ ಪ್ರತ್ಯೇಕ ಸಿಖ್ ದೇಶದ, ಪರ ಇರುವ ಸಿಮ್ರನ್‌ಜಿತ್ ಸಿಂಗ್ ಮಾನ್ ಜೈಲಿನಿಂದಲೇ ಗೆದ್ದರು, ಅವರ ಗುಂಪಿಗೆ 13ರಲ್ಲಿ ಆರು ಸೀಟು. 2024ರಲ್ಲಿ ಅದೇ ಕೂಗಿನ ಅಮೃತಪಾಲ್ ಸಿಂಗ್ ಅಸ್ಸಾಮಿನ ದಿಬ್ರುಗಢ ಜೈಲಿನಲ್ಲಿದ್ದು ಖಡೂರ್ ಸಾಹಿಬ್‌ನಲ್ಲಿ ಒಂದು ಲಕ್ಷದ ತೊಂಬತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅಷ್ಟೂ ಜನ ಖಾಲಿಸ್ತಾನ ಕೇಳಿದ್ದಾರೆ ಅಂತ ನನಗನ್ನಿಸುವುದಿಲ್ಲ. ಮಂದಗಾಮಿ ಅನ್ನಿಸಿಕೊಂಡವರ ಮೇಲಿನ ಸಿಟ್ಟು ಅದು.

ಯಾಕೆ ಸಿಟ್ಟು? ಅಕಾಲಿ ನಾಯಕ ಪ್ರಕಾಶ್ ಸಿಂಗ್ ಬಾದಲ್ 1996ರಲ್ಲಿ ಮೋಗಾದಲ್ಲಿ ಪಂಥದ ಜೊತೆಗೆ ಪಂಜಾಬಿಯತ್, ಅಂದರೆ ಎಲ್ಲ ಪಂಜಾಬಿಗಳ ಒಂದುತನ, ಅಂದರು, ಹಿಂದೂಗಳನ್ನೂ ಕರೆದರು. ಒಳ್ಳೆಯ ಮಾತೇ. ಆದರೆ ಅಧಿಕಾರದಲ್ಲಿ ಕೂತು ಕೂತು ಪಕ್ಷ ಒಂದು ಮನೆತನದ್ದಾಯಿತು. 2015ರಲ್ಲಿ ಬರ್ಗಾಡಿಯಲ್ಲಿ ಗುರು ಗ್ರಂಥ ಸಾಹಿಬ್‌ನ ಪುಟ ಹರಿದು ಬೀದಿಗೆ ಎಸೆದಿದ್ದರು. ಪ್ರತಿಭಟಿಸಿದವರ ಮೇಲೆ ಬೆಹಬಲ್ ಕಲಾಂನಲ್ಲಿ ಗುಂಡು ಹಾರಿ ಇಬ್ಬರು ಸತ್ತರು. ಆಗ ಸರ್ಕಾರ ಅಕಾಲಿಗಳದ್ದೇ. 2022ರಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು ಮೂರೇ ಸೀಟು. ಸುಖ ಬಂದ ಮೇಲೆ ಸುಮ್ಮನಿರುವುದನ್ನು ಮಂದಗಾಮಿತನ ಅಂತ ಕರೆಯಬೇಡಿ.

ಗುರು ಕಾ ಬಾಗ್ ಮತ್ತೆ ಕಂಡದ್ದು ದೆಹಲಿ ಗಡಿಯಲ್ಲಿ. 2021ರ ಜನವರಿ 26ಕ್ಕೆ ಕೆಂಪುಕೋಟೆಯಲ್ಲಿ ಬಿಸಿ ತಲೆಯವರು ಗದ್ದಲ ಮಾಡಿದಾಗ ರೈತ ಚಳವಳಿ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ರಾಜೇವಾಲ್, ಉಗ್ರಾಹಾಂ ಅಂಥ ಹಿರಿಯ ರೈತ ಮುಖಂಡರು ಅದರಿಂದ ದೂರ ನಿಂತರು, ಟ್ರ್ಯಾಲಿ ಮಾತ್ರ ಕದಲಿಸಲಿಲ್ಲ. ಬೇಸಿಗೆ, ಮಳೆ ಎರಡನ್ನೂ ಅಲ್ಲೇ ಕಳೆದರು. ನವೆಂಬರ್ 19ರಂದು, ಗುರುನಾನಕ್ ಜಯಂತಿಯ ದಿನ, ಕೃಷಿ ಕಾಯ್ದೆ ವಾಪಸ್ ಅಂತ ಪ್ರಧಾನಿ ಹೇಳಬೇಕಾಯಿತು.

ಶರಾವತಿ:
ನಾವು ಮೋರ್ಚಾ, ಉಪವಾಸ, ಚುನಾವಣೆ ಅಂತಲೇ ಮಾತಾಡುತ್ತಿದ್ದೇವೆ. ನನ್ನ ಮನಸ್ಸಿನಿಂದ ಹೋಗದ ಒಬ್ಬರಿದ್ದಾರೆ. ಜಸ್ವಂತ್ ಸಿಂಗ್ ಖಾಲ್ರಾ. ಅಮೃತಸರದಲ್ಲಿ ಬ್ಯಾಂಕಿನ ಕೆಲಸ, ಅಕಾಲಿ ದಳದ ಮಾನವ ಹಕ್ಕು ಘಟಕದ ಕಾರ್ಯದರ್ಶಿ.

ಉಗ್ರರನ್ನು ಹತ್ತಿಕ್ಕುವ ಹೆಸರಿನಲ್ಲಿ ಪೊಲೀಸರು ಕರೆದುಕೊಂಡು ಹೋದ ಹುಡುಗರು ಮನೆಗೆ ಬರುತ್ತಿರಲಿಲ್ಲ. ಎಲ್ಲಿ ಹೋದರು ಅಂತ ಯಾರಿಗೂ ಗೊತ್ತಿರಲಿಲ್ಲ. ಇವರು ಭಾಷಣ ಮಾಡಲಿಲ್ಲ, ಸ್ಮಶಾನಕ್ಕೆ ಹೋದರು. ವಾರಸುದಾರರಿಲ್ಲದ ಹೆಣ ಅಂತ ಪೊಲೀಸರು ತಂದು ಸುಡಿಸುತ್ತಿದ್ದರು. ಸುಡುವುದಕ್ಕೆ ಕಟ್ಟಿಗೆ ಬೇಕಲ್ಲ, ಕಟ್ಟಿಗೆಗೆ ಲೆಕ್ಕ ಬೇಕಲ್ಲ. ಆ ರಿಜಿಸ್ಟರು ತೆಗೆದು ಸಾಲು ಸಾಲು ಬರೆದುಕೊಂಡರು. 1995ರ ಸೆಪ್ಟೆಂಬರ್ 6ರಂದು ಮನೆ ಮುಂದೆ ಕಾರು ತೊಳೆಯುತ್ತಿದ್ದವರನ್ನು ಪೊಲೀಸರು ಎತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ. ಆಮೇಲೆ ಸಿಬಿಐ ಲೆಕ್ಕ ಹಾಕಿತು. ಅಮೃತಸರ, ತರನ್ ತಾರನ್, ಪಟ್ಟಿ, ಈ ಮೂರೇ ಊರಲ್ಲಿ 2,097 ಹೆಣ. ಖಾಲ್ರಾರನ್ನು ಕೊಂದ ಪೊಲೀಸರಿಗೆ 2005ರಲ್ಲಿ ಶಿಕ್ಷೆಯಾಯಿತು.

ಮೇಷ್ಟ್ರೇ, ಇವರನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ? ದನಿ ಎತ್ತಿದವರಲ್ಲ, ಆಯುಧ ಮುಟ್ಟಿದವರಲ್ಲ. ಆದರೂ ಸರ್ಕಾರಕ್ಕೆ ಯಾವ ಉಗ್ರನಿಗಿಂತ ಹೆಚ್ಚಾಗಿ ಹೆದರಿಕೆ ಹುಟ್ಟಿಸಿದರು.

ಬೀದರ ಹುಡುಗ:
ಅಕ್ಕಾ, ಇವರ ಹೆಸರು ಕೇಳಿದ್ದೆ, ಕಟ್ಟಿಗೀ ಲೆಕ್ಕದ ಸುದ್ದಿ ಗೊತ್ತಿದ್ದಿಲ್ಲ. ಓದಿ ಸುಮ್ಮಕುಂತೀನಿ. ಅವರನ್ನ ನನ್ನ ಕಡೆ ಹಾಕ್ಕೋತೀನಿ ಅಂತ ಹೇಳಾಕ ಬಾಯಿ ಬರವಲ್ದು.

ತುಮಕೂರು ಮೇಷ್ಟ್ರು:
ಬೋರ್ಡಿನ ಗೆರೆ ಅಳಿಸಿ ಪಾಠ ಇನ್ನೊಂದು ಸಲ ಮಾಡುತ್ತೇನೆ. ಕಂದೂಖೇಡಾ ಹೇಳುತ್ತೇನೆ, ಫೆರೂಮಾನ್ ಹೇಳುತ್ತೇನೆ, ಖಾಲ್ರಾ ಹೇಳುತ್ತೇನೆ. ಹವಾಲ್ದಾರರೇ, 1983ರ ಬಗ್ಗೆ ನಿಮ್ಮ ಮಾತನ್ನು ಮಾತ್ರ ನಾನಿನ್ನೂ ಒಪ್ಪಿಲ್ಲ.

ಮಾಜಿ ಹವಾಲ್ದಾರ್, ಮಂಡ್ಯ:
ಒಪ್ಪಬೇಡಿ ಮೇಷ್ಟ್ರೇ. ಆದ್ರೆ ಆ ಹುಡುಗಿಗೆ ಪಾಠ ಹೇಳುವಾಗ ಢಿಲ್ವಾನ್ ಬಸ್ಸಿನ ಆರು ಜನಾನೂ ಸೇರಿಸ್ಕೊಳ್ಳಿ.