ಊರಲ್ಲಿ ನೀರಿನ ಘಟಕ ಕೆಟ್ಟು ನಿಂತಿದೆ, ಈಗ ಸಮುದಾಯ ಭವನ ಕಟ್ಟಬೇಕಂತೆ!

ಪೀಣ್ಯವಾಸಿ: ನಮ್ಮೂರು ಪಾವಗಡ ಕಡೆ. ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಮಕ್ಕಳ ಹಲ್ಲು ನೋಡಿದರೇ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರೆಲ್ಲ ಸೇರಿ, ಚಂದಾ ಎತ್ತಿ, ಶುದ್ಧ ನೀರಿನ ಘಟಕ ಹಾಕಿಸಿದೆವು. ಪೂಜೆ, ಟೇಪು, ಫೋಟೋ ಎಲ್ಲ ಜೋರಾಗಿಯೇ ಆಯಿತು. ಈಗ ಕಾಯಿನ್ ಬಾಕ್ಸ್ ಕೆಟ್ಟಿದೆ, ಫಿಲ್ಟರ್ ಕಟ್ಟಿಕೊಂಡಿದೆ. ಪಂಚಾಯಿತಿಯವರನ್ನು ಕೇಳಿದರೆ "ನೀವು ಹಾಕಿಸಿದ್ದು, ನೀವೇ ನೋಡಿಕೊಳ್ಳಿ" ಅನ್ನುತ್ತಾರೆ. ಇಷ್ಟರಲ್ಲೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಮುದಾಯ ಭವನದ ಮಾತು ಶುರುವಾಗಿದೆ. ಏನು ಮಾಡೋಣ ಹೇಳಿ.

ಹಳೇ ಕಾರ್ಯದರ್ಶಿ: ಮೊದಲು ಇದನ್ನು ಹೇಳಿ, ಘಟಕವನ್ನು ಪಂಚಾಯಿತಿಗೆ ಬರಹದಲ್ಲಿ ಒಪ್ಪಿಸಿದ್ದೀರಾ? ಕರೆಂಟ್ ಮೀಟರ್ ಯಾರ ಹೆಸರಲ್ಲಿದೆ? ಕಟ್ಟಿಸುವಾಗ ಇದನ್ನು ಯಾರೂ ಕೇಳುವುದಿಲ್ಲ, ಕೆಟ್ಟ ಮೇಲೆ ಎಲ್ಲ ಇದರಲ್ಲೇ ಸಿಕ್ಕಿಕೊಳ್ಳುತ್ತದೆ. ಪಂಚಾಯಿತಿಯ ಆಸ್ತಿ ಅಲ್ಲದ್ದಕ್ಕೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಿಲ್ ಮಾಡುವುದು ಕಷ್ಟ, ಆಡಿಟ್‌ನಲ್ಲಿ ಹಿಡಿಯುತ್ತಾರೆ. ದುಡ್ಡೇ ಇಲ್ಲ ಅನ್ನುವಂತೆಯೂ ಇಲ್ಲ. 15ನೇ ಹಣಕಾಸು ಆಯೋಗ 2021-26ಕ್ಕೆ ಹೇಳಿದ್ದ ಅನುದಾನದಲ್ಲಿ ಶೇ. 60 ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ಠರಾವು ಬರೆಸಿ. ಸುಮ್ನೆ ಬಾಯಲ್ಲಿ ಹೇಳಿದರೆ ಆಗಲ್ಲ.

ಮೂರನೇ ಬೆಂಚು: ಭವನ ಕಟ್ಟಿ ಸರ್, ಇಸ್ಪೀಟ್ ಆಡುವವರಿಗೆ ಒಳ್ಳೆ ನೆರಳಾಗುತ್ತದೆ.

ಕೋಲಾರದಕ್ಕ: ನೀರು ಹೊರುವವರು ಹೆಂಗಸರು. ಘಟಕ ಎಲ್ಲಿ ಬರಬೇಕು, ಎಷ್ಟು ಹೊತ್ತಿಗೆ ತೆಗೆಯಬೇಕು ಅಂತ ಅವರನ್ನು ಯಾರಾದರೂ ಕೇಳಿದ್ರಾ? ನಮ್ಮ ಕಡೆಯೂ ಇದೇ ಕಥೆ. ಕೂಲಿಗೆ ಹೋಗುವ ಹೊತ್ತಿಗೆ ಬಾಗಿಲು ಹಾಕಿರುತ್ತಿತ್ತು, ಗ್ರಾಮಸಭೆ ಇಡುವುದೂ ಅದೇ ಹೊತ್ತಿಗೆ. ಆಮೇಲೆ ಸ್ತ್ರೀಶಕ್ತಿ ಸಂಘಕ್ಕೆ ಕೀಲಿ ಕೊಟ್ಟರು, ಬೆಳಗ್ಗೆ ಆರಕ್ಕೇ ತೆಗೆಯುತ್ತಾರೆ. ಲೆಕ್ಕ ನೀವೇ ಹಾಕಿ: 20 ಲೀಟರ್ ಕ್ಯಾನಿಗೆ 5 ರೂಪಾಯಿ, ದಿನಕ್ಕೆ 100 ಕ್ಯಾನ್ ಹೋದರೆ ತಿಂಗಳಿಗೆ 15,000. ಅದರಲ್ಲೇ ನೋಡಿಕೊಳ್ಳುವವರ ಸಂಬಳ, ಕರೆಂಟ್ ಕಳೆದು ಫಿಲ್ಟರ್‌ಗೆ ಅಷ್ಟಿಷ್ಟು ಎತ್ತಿಡಬೇಕು. ಫ್ರೀ ಮಾಡಿದಿರೋ, ಮುಗೀತು.

ಇನ್ನೊಂದು ಮಾತು. ಘಟಕ ನಿಂತಿದೆ ಅಂತ ಜನ ಬೋರ್ ನೀರನ್ನೇ ಕಾಯಿಸಿ ಕುಡಿಯುತ್ತಿದ್ದರೆ ಬೇಡ ಅನ್ನಿ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ. ಅದರ ಬದಲು ಶಾಲೆಯ ಮಾಳಿಗೆ ಮೇಲೆ ಬೀಳುವ ಮಳೆನೀರು ಹಿಡಿದಿಟ್ಟರೆ ಕುಡಿಯೋಕೆ, ಅಡುಗೆಗೆ ಆಗುತ್ತದೆ. ಮೊದಲ ಮಳೆ ಮಾತ್ರ ಹೊರಗೆ ಬಿಡಿ.

ಪೀಣ್ಯವಾಸಿ: ಈಗಷ್ಟೇ ಊರಿಗೆ ಫೋನ್ ಮಾಡಿ ಕೇಳಿದೆ, ಮೀಟರ್ ಇನ್ನೂ ಕಂಟ್ರಾಕ್ಟರ್ ಹೆಸರಲ್ಲೇ ಇದೆಯಂತೆ! ಸಂಘದವರ ಹತ್ತಿರ ಭಾನುವಾರ ಮಾತಾಡುತ್ತೇನೆ. ಒಪ್ಪಿಸುವ ಅರ್ಜಿ ಪಿಡಿಒಗೆ ಕೊಡಬೇಕಾ, ತಾಲ್ಲೂಕು ಪಂಚಾಯಿತಿಗಾ?

ಹಳೇ ಕಾರ್ಯದರ್ಶಿ: ಪಿಡಿಒಗೆ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಂಡೇ ಬನ್ನಿ.